ಅಮ್ಮ ಆರಿಸಿದ ಬಿಸಿ

ಮಾರ್ಚ್ ೪

ತಮ್ಮಾ,

ಹೊಸ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ನಿನ್ನ ಭಾವ ದಿನಾ ಬಸ್ಸನ್ನು ಡಿಪೋದಲ್ಲಿ ಬಿಟ್ಟು ನೇರ ಅಲ್ಲಿಗೇ ಹೋಗಿ, ಒಂದು ಸುತ್ತು ಹಾಕಿ, ಬಂದು ನನಗೆ ವರದಿ ಒಪ್ಪಿಸುತ್ತಾರೆ. ಅವರ ವರದಿಯಲ್ಲಿ ಮೇಸ್ತ್ರಿ ದಿನಾ ಒಂದು ತಪ್ಪು ಮಾಡಿರುತ್ತಾನೆ.

ಈ ಮೂರನೇ ಮಹಡಿಯಿಂದ ಅಮ್ಮನನ್ನು ಇಳಿಸುವುದೇ ಈಗ ದೊಡ್ಡ ಕೆಲಸ. ಹೋದ ವಾರ ಆಸ್ಪತ್ರೆಗೆ ಹೊರಟವಳು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇಲ್ಲೇ ಒಂದು ಕುರ್ಚಿ ಹಾಕಿಸಿಬಿಡು, ಬಂದವರನ್ನ ಮಾತಾಡಿಸ್ಕೊಂಡು ಇರ್ತೀನಿ," ಅಂದಳು. ನನ್ನನ್ನು ನಗಿಸಲು ಹೇಳಿದ್ದು. ತುಟಿ ನೀಲಿಯಾಗಿತ್ತು. ಹೃದಯ ದಣಿದಿದೆ, ಕೈಕಾಲಿನ ತುದಿಯವರೆಗೆ ರಕ್ತ ಹೋಗುತ್ತಿಲ್ಲ, ಬೆಚ್ಚಗಿಡಿ ಎಂದು ಡಾಕ್ಟರು ಹೇಳಿದರು. ಬರುವ ಚಳಿಗಾಲ ಹೇಗೆ ಎಂದು ಕೇಳಿದೆ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

ಅದಕ್ಕೇ ಈ ಕಾಗದ. ಹಿಮ ಬೀಳುವ ಈ ಊರಿನಲ್ಲಿ ಹೊಸ ಮನೆ ಬೆಚ್ಚಗಿಡಲು ಯಾವ ಬಿಸಿ ಹಾಕಿಸುವುದು? ಗ್ಯಾಸ್ ಬಾಯ್ಲರ್ ಅನ್ನುತ್ತಾರೆ ಕೆಲವರು. ಹೊರಗೋಡೆಗೆ ಡಬ್ಬ ಕೂರಿಸಿ ಗಾಳಿಯಿಂದ ಬಿಸಿ ಎಳೆಯುವ ಹೀಟ್ ಪಂಪ್ ಒಂದಿದೆ. ಇನ್ನೊಂದು ನೀನು ಮಾಡುವ ಕೆಲಸ, ನೆಲ ಕೊರೆದು ಭೂಮಿಯಿಂದ ಬಿಸಿ ತರುವುದು. ಫೋನಿನಲ್ಲಿ ಕೇಳಿದರೆ ನೀನು ಹೂಂ, ಉಹೂಂ ಬಿಟ್ಟು ಬೇರೇನೂ ಹೇಳುವುದಿಲ್ಲ. ಕಾಗದದಲ್ಲಾದರೆ ನಿನ್ನ ಮಾತು ಎಲ್ಲೂ ತೊಡರುವುದಿಲ್ಲ. ಬರಿ.

ನಿನ್ನ
ಅಕ್ಕ


ಮಾರ್ಚ್ ೧೫

ಅಕ್ಕಾ,

ಗ್ಯಾಸ್ ಬೇಡ. ಹೊಸ ಮನೆ ಕಟ್ಟಿ ಹಳೇ ಹೊಗೆ ಯಾಕೆ?

ನೆಲದ್ದರ ವಿಷಯ ಕೇಳು. ನೂರು ಮೀಟರ್ ಆಳದಲ್ಲಿ ಬೇಸಿಗೆ, ಚಳಿಗಾಲ ಅಂತ ಇಲ್ಲ, ವರ್ಷವಿಡೀ ಒಂದೇ ಹದ. ಬೋರಿನೊಳಗೆ ಕೊಳವೆ ಇಳಿಸಿ ಹೆಪ್ಪುಗಟ್ಟದ ನೀರು ಸುತ್ತಿಸಿದರೆ ಅದು ಆ ಹದವನ್ನು ಹೊತ್ತು ಮೇಲೆ ಬರುತ್ತದೆ. ಮುಟ್ಟಿದರೆ ಬಿಸಿ ಅಂತ ಗೊತ್ತೂ ಆಗುವುದಿಲ್ಲ, ಅಷ್ಟು ಕಡಿಮೆ. ಮನೆಯೊಳಗಿನ ಹೀಟ್ ಪಂಪ್ ಅದನ್ನೇ ಹಿಂಡಿ, ಕೂಡಿಹಾಕಿ, ನೆಲದಡಿ ಹಾಸಿದ ಕೊಳವೆಗಳಿಗೆ ಕೊಡುತ್ತದೆ. ಫ್ರಿಜ್ಜಿನ ಬೆನ್ನಿಗೆ ಕೈಯಿಟ್ಟು ನೋಡು, ಬೆಚ್ಚಗಿರುತ್ತದಲ್ಲ, ಅದೇ ಕಸುಬು. ಹೊರಗೆ ಎಂಥ ಚಳಿ ಬಿದ್ದರೂ ಅದಕ್ಕೆ ಲೆಕ್ಕವಿಲ್ಲ. ಸದ್ದೂ ಇಲ್ಲ. ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಬರೆದು.

ಆದರೂ ನೀನು ಅದನ್ನು ಹಾಕಿಸಬೇಡ. ಗೋಡೆಯ ಡಬ್ಬವೇ ಇರಲಿ. ನೆಲ ಕೊರೆಯುವ ರಿಗ್ಗಿಗೆ ಸರದಿ ಕಾಯಬೇಕು. ಕೊಳವೆಯ ಮೇಲೆ ಹಾಕಿದ ಕಾಂಕ್ರೀಟ್ ವಾರಗಟ್ಟಲೆ ಒಣಗಬೇಕು. ಯಂತ್ರ ಬರುವುದು ಕಂಪನಿಯವರ ಇಷ್ಟ. ಡಬ್ಬ ಎರಡು ದಿನದ ಕೆಲಸ, ಯಾವ ಮೆಕ್ಯಾನಿಕ್ ಬೇಕಾದರೂ ಹಾಕುತ್ತಾನೆ. ಮೊದಲ ಚಳಿ ಬೀಳುವ ಮುಂಚೆ ಅಮ್ಮ ಬೆಚ್ಚಗೆ ಕೂತಿರುತ್ತಾಳೆ. ಮೂವತ್ತು ವರ್ಷ ಬಾಳುವ ಯಂತ್ರ ಕಟ್ಟಿಕೊಂಡು ಈಗ ಏನು ಮಾಡುವುದು ಎಂಬ ಮಾತನ್ನು ನಾನು ಬರೆದಿಲ್ಲ, ನೀನೂ ಓದಿಲ್ಲ. ಈ ಪುಟವನ್ನು ಅಮ್ಮನಿಗೆ ಓದಿ ಹೇಳಬೇಡ.

ನಿನ್ನ
ತಮ್ಮ


ಏಪ್ರಿಲ್ ೨

ತಮ್ಮಾ,

ಓದಬೇಡ ಎಂದದ್ದನ್ನು ಓದದೆ ಇರಲು ಎಲ್ಲಿ ಬಿಟ್ಟಳು? ಕಣ್ಣು ಮಂಜಾದ ಮೇಲೆ ಅವಳ ಕಿವಿ ಚುರುಕಾಗಿದೆ. ಹಾಳೆ ಮಗುಚಿದ ಸದ್ದಿಗೇ, "ಇನ್ನೊಂದು ಪುಟ ಇದೆಯಲ್ಲ," ಅಂದಳು. ಡಬ್ಬ ಎರಡು ದಿನದ ಕೆಲಸ, ಯಾರು ಬೇಕಾದರೂ ಹಾಕುತ್ತಾರೆ ಎನ್ನುವ ತನಕ ಓದಿ ನಿಲ್ಲಿಸಿದೆ. ಅಷ್ಟನ್ನೇ ಎರಡು ಸಲ ಓದಿಸಿಕೊಂಡಳು.

"ನೆಲದ್ದು ಯಾರು ಹಾಕ್ತಾರೆ?"

"ಕೊರೆಯೋ ಕಂಪನಿಯವರು. ನಮ್ಮ ಹೆಗ್ಗಣ ಇದ್ದಾನಲ್ಲ, ಅಂಥವರು."

"ಹಾಗಾದ್ರೆ ನೆಲದ್ದೇ ಇರಲಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಚಿಕ್ಕವನಿದ್ದಾಗ ಹಿತ್ತಲೆಲ್ಲ ತೋಡಿ ನೀನು ಸಂಪಾದಿಸಿದ ಹೆಸರು ನೋಡು, ಇನ್ನೂ ಚಲಾವಣೆಯಲ್ಲಿದೆ.

ನಿನ್ನ ಭಾವ ಅವಳ ಮನಸ್ಸು ತಿರುಗಿಸಲು ಬಹಳ ಹೆಣಗಿದರು. ಅವಳನ್ನು ಎತ್ತಿಕೊಂಡೇ ಮೆಟ್ಟಿಲಿಳಿಸಿ, ತಮ್ಮ ಜೊತೆಯ ಕಂಡಕ್ಟರನ ಮನೆಗೆ ಕರೆದುಕೊಂಡು ಹೋಗಿ ಗೋಡೆಯ ಡಬ್ಬ ತೋರಿಸಿದರು. ಅಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, "ನಿಮ್ಮ ಮಾವನ ಗೊರಕೆಯನ್ನ ಒಂದು ಜನ್ಮಕ್ಕಾಗುವಷ್ಟು ಕೇಳಿದ್ದೀನಿ, ಸಾಕು," ಅಂದಳಂತೆ. ಕಂಡಕ್ಟರನ ಹೆಂಡತಿ ಚಹಾ ಕೊಟ್ಟರೆ ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಳಂತೆ, ಅದು ಆರುವವರೆಗೆ.

ಚಳಿ ತಡೆಯಲಾರದವಳು ಯಾಕೆ ತಡವಾಗುವುದನ್ನೇ ಹಿಡಿದು ಕೂತಿದ್ದಾಳೆ ಎಂದು ನಿನಗೆ ಬಿಡಿಸಿ ಹೇಳಬೇಕೆ? ನೀನೇ ಬಂದು ಕೊರೆದುಕೊಡು. ಮೂರು ವಾರದ ಕೆಲಸವಂತೆ. ನಿನಗೊಂದು ಮಂಚ ಹಾಕಿಸುತ್ತೇನೆ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ನಿನ್ನ ಊರಿಗೆ ಹತ್ತಿರದಲ್ಲೇ ಕೊರೆಯುವವರು ಇದ್ದಾರೆ, ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ಕೆಲಸ ಚೆನ್ನಾಗಿ ಮಾಡುತ್ತಾರೆ. ಆದರೆ ನನ್ನ ಮಾತು ಕೇಳುವುದಾದರೆ ಡಬ್ಬ ಹಾಕಿಸು. ಚಳಿ ಯಾರ ಹಟಕ್ಕೂ ಕಾಯುವುದಿಲ್ಲ ಎಂದು ಅಮ್ಮನಿಗೆ ಹೇಳು.

ನಾನು ಅಲ್ಲಿಗೆ ಬರುವುದಿಲ್ಲ. ಅಪ್ಪನ ಅಂತ್ಯಕ್ರಿಯೆಯ ದಿನ ನೀನು ಮುಂದಿನ ಸಾಲಿನಲ್ಲೇ ಇದ್ದೆ. ಮಗನಾದವನು ಎರಡು ಮಾತಾಡಲಿ ಎಂದು ದೊಡ್ಡಪ್ಪ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು. ಅಪ್ಪ ಅನ್ನಲು ಬಾಯಿ ತೆರೆದೆ, ತೆರೆದ ಬಾಯಿ ಹಾಗೇ ನಿಂತಿತು. ಹಿಂದಿನಿಂದ ಯಾರೋ ನಕ್ಕರು. ದೊಡ್ಡಪ್ಪ ನನ್ನ ಭುಜ ತಟ್ಟಿ ಕೂರಿಸಿ ತಾವೇ ಮಾತಾಡಿದರು. ಐದು ವರ್ಷವಾಯಿತು. ಇಲ್ಲಿ ರಿಗ್ಗಿನ ಪಕ್ಕ ಯಾರೂ ನನ್ನಿಂದ ಮಾತು ಕೇಳುವುದಿಲ್ಲ. ನನಗೆ ಇದೇ ಸರಿ.

ತಮ್ಮ


ಮೇ ೭

ಕಂದಾ,

ಹೇಳ್ತಿರೋದು ನಾನು, ಬರೀತಿರೋದು ನಿನ್ನ ಭಾವ. ಇವರ ಅಕ್ಷರ ಬಸ್ಸಿನ ಬೋರ್ಡಿನ ಥರ ದಪ್ಪ, ನಿನಗೆ ಓದೋಕೆ ಸುಲಭ. ನಿನ್ನ ಅಕ್ಕ ಪರದೆ ಹೊಲಿಯೋ ಅಂಗಡಿಗೆ ಹೋಗಿದ್ದಾಳೆ. ಅವಳಿಗೆ ಹೇಳಬೇಡಿ ಅಂದಿದ್ದೀನಿ, ಇವರು ಹೇಳದೆ ಇರ್ತಾರಾ?

ನನಗೆ ಈ ಯಂತ್ರ ಗಿಂತ್ರ ಒಂದೂ ಅರ್ಥ ಆಗಲ್ಲ ಕಣೋ. ಆಗಬೇಕಾಗೂ ಇಲ್ಲ. ಡಬ್ಬ ಆದ್ರೆ ಯಾರೋ ಬರ್ತಾನೆ, ಮೊಳೆ ಹೊಡೀತಾನೆ, ಹೋಗ್ತಾನೆ. ನೆಲ ಕೊರಿಯೋದಾದ್ರೆ ನೀನು ಬರಬೇಕು, ಬಂದು ಮೂರು ವಾರ ಇರಬೇಕು. ನಾನು ನೋಡಿದ್ದು ಇಷ್ಟೇ. ಒಂದಷ್ಟು ದಿನ ಚಳಿ ಆದ್ರೆ ಆಗಲಿ. ಎರಡು ಸ್ವೆಟರ್ ಹಾಕ್ಕೋತೀನಿ.

ಅಪ್ಪನ ದಿನ ಮಾತು ಬರಲಿಲ್ಲ ಅಂತ ಇನ್ನೂ ಕೊರಗ್ತೀಯಂತೆ. ನಿಮ್ಮಪ್ಪ ಬದುಕಿದ್ದಾಗಲೇ ಯಾರ ಮಾತೂ ಕೇಳಿದವರಲ್ಲ. ಸತ್ತ ಮೇಲೆ ಕೇಳ್ತಿದ್ರಾ? ಅವತ್ತು ನಕ್ಕಿದ್ದು ದೊಡ್ಡಪ್ಪನ ಅಳಿಯ. ಅವನು ಹಲ್ಲು ನೋವಿಗೂ ನಗ್ತಾನೆ. ಅಂಥವನಿಗೋಸ್ಕರ ನನ್ನ ಮಗ ನನ್ನ ಬಾಗಿಲು ಬಿಟ್ಟು ಐದು ವರ್ಷ ದೂರ ಇದ್ದಾನಲ್ಲ ಅಂತ ನನಗೆ ಸಿಟ್ಟು ಬರುತ್ತೆ. ಅಳೂನೂ ಬರುತ್ತೆ. ಬರೀರಿ, ಅಳು ಬರುತ್ತೆ ಅಂತಾನೂ ಬರೀರಿ.

ಕೊರಿಯೋ ಯಂತ್ರ ಎಷ್ಟು ಸದ್ದು ಮಾಡುತ್ತೆ ಅಂತ ಇವರನ್ನ ಕೇಳಿದೆ. ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಿಸಲ್ವಂತೆ. ಒಳ್ಳೇದೇ ಆಯ್ತು. ನೀನು ಮಾತಾಡಬೇಕಾಗಿಲ್ಲ, ನಾನೂ ಮಾತಾಡಲ್ಲ. ಒಂದು ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿರ್ತೀನಿ. ಬಾ.

ನಿನ್ನ
ಅಮ್ಮ

(ಭಾವನ ಎರಡು ಸಾಲು: ಅತ್ತೆಯವರು ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ಸುಧಾರಿಸಿಕೊಂಡರು. ಮೇಸ್ತ್ರಿಗೆ ನಾನು ಏನು ಹೇಳಲಿ, ತಿಳಿಸು.)


ಮೇ ೧೯

ಅಕ್ಕಾ,

ಸೆಪ್ಟೆಂಬರ್‌ಗೆ ಮುಂಚೆ ನಮ್ಮ ರಿಗ್ಗಿಗೆ ಬಿಡುವಿಲ್ಲ. ಎಷ್ಟು ಕೇಳಿಕೊಂಡರೂ ಆಗಲಿಲ್ಲ. ನಾಲ್ಕನೇ ತಾರೀಕು ನಾನೂ ರಿಗ್ಗೂ ಅಲ್ಲಿರುತ್ತೇವೆ. ಒಳಗೆ ನೆಲಕ್ಕೆ ಕಾಂಕ್ರೀಟ್ ಹಾಕಬೇಡಿ ಎಂದು ಮೇಸ್ತ್ರಿಗೆ ಹೇಳಲು ಭಾವನಿಗೆ ತಿಳಿಸು, ಕೊಳವೆ ನಾನೇ ಹಾಸುತ್ತೇನೆ. ಗೇಟು ಅಗಲ ಸಾಲದಿದ್ದರೆ ಕಿತ್ತಿಡಿ.

ದೊಡ್ಡಪ್ಪನ ಮನೆಗೆ ಹೇಳಬೇಡ.

ತಮ್ಮ


ಅಕ್ಟೋಬರ್ ೬

ತಮ್ಮಾ,

ನೀನು ಹೋದ ಮೇಲೆ ಹೊಸ ಮನೆಯ ಅಂಗಳ ಉತ್ತಿಟ್ಟ ಹಾಗಿದೆ. ನಿನ್ನ ಭಾವ ದಿನಾ ಆ ಎರಡು ಬೋರಿನ ಮುಚ್ಚಳಗಳನ್ನು ನೋಡಿ, ಇಷ್ಟು ಕೊರೆದದ್ದಕ್ಕೆ ಕಾಣುವುದು ಇಷ್ಟೇನಾ ಅನ್ನುತ್ತಾರೆ.

ನಿನ್ನೆದುರಿಗೆ ಹೇಳಲಾಗದ ಒಂದು ಮಾತು ಬರೆಯುತ್ತೇನೆ. ನೀನೂ ಭಾವನೂ ದಿನಾ ಮೆಟ್ಟಿಲಿಳಿಸಿ ತಂದ ಮೇಲೆ, ರಿಗ್ ಓಡುವಾಗ ಅಮ್ಮ ನಿನ್ನ ಆ ದೊಡ್ಡ ಕಿವಿಮುಚ್ಚಳ ಹಾಕಿಕೊಂಡು, ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿರುತ್ತಿದ್ದಳಲ್ಲ. ನೀನು ಕೆಸರು ಕೈಯಲ್ಲೇ ನೀರು ಬೇಕಾ ಎಂದು ಸನ್ನೆ ಮಾಡುತ್ತಿದ್ದೆ, ಅವಳು ನೀನು ಉಂಡೆಯಾ ಎಂದು ಸನ್ನೆ ಮಾಡುತ್ತಿದ್ದಳು. ಯಂತ್ರ ನಿಂತ ಮೇಲೂ ನಿಮ್ಮಿಬ್ಬರದು ಹಾಗೇ ನಡೆಯುತ್ತಿತ್ತು. ನಾನು ಹೊಸ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಲ್ಲುತ್ತಿದ್ದೆ. ನನ್ನ ಹತ್ತಿರ ಅವಳು ದಿನವೆಲ್ಲ ಮಾತಾಡುತ್ತಾಳೆ. ಆದರೂ ಆಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವಳ ಕೋಣೆಯಲ್ಲಿ ಮಾತ್ರ ಕೊಳವೆಗಳನ್ನು ಒತ್ತೊತ್ತಾಗಿ ಸುತ್ತಿದ್ದೀಯ ಎಂದು ಕಾಂಕ್ರೀಟ್ ಹಾಕುವ ಮುಂಚೆ ಭಾವ ತೋರಿಸಿದರು. ಬೇರೆ ಕೋಣೆಯದರ ಎರಡರಷ್ಟಂತೆ. ಅದನ್ನು ಅಮ್ಮನಿಗೆ ಹೇಳಿದೆ. ಸಂಜೆ ಅವಳು ನಿನ್ನ ಭಾವನಿಗೆ ಅದನ್ನೇ ಹೊಸ ಸುದ್ದಿ ಎಂಬಂತೆ ಹೇಳಿದಳು.

ಈಗ ಕೆಟ್ಟ ಸುದ್ದಿ. ಹೀಟ್ ಪಂಪ್ ಈ ತಿಂಗಳು ಬರುವುದಿಲ್ಲವಂತೆ, ನವೆಂಬರ್ ಕೊನೆಗಂತೆ. ಈ ಹಳೇ ಮನೆಯ ಮೆಟ್ಟಿಲು ಅವಳಿಂದ ಇನ್ನು ಆಗುವುದಿಲ್ಲ. ತಿಂಗಳ ಕೊನೆಗೆ ಹೊಸ ಮನೆಗೆ ಹೋಗಿಬಿಡುತ್ತೇವೆ.

ಅಕ್ಕ


ಅಕ್ಟೋಬರ್ ೧೭

ಅಕ್ಕಾ,

ನಾನು ಮೊದಲೇ ಹೇಳಿದ್ದೆ. ಮಾರ್ಚಿನಲ್ಲೇ ಬರೆದಿದ್ದೆ. ಯಾರೂ ಕೇಳಲಿಲ್ಲ, ಕೊನೆಗೆ ನಾನೇ ಕೇಳಲಿಲ್ಲ.

ಯಂತ್ರದ ಕಂಪನಿಗೆ ಫೋನ್ ಮಾಡಿದೆ. ನಾನೇ ಮಾಡಿದೆ. ನಾನು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದಾಗ ಆ ಕಡೆಯ ಹುಡುಗಿ ಎರಡು ಸಲ ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಅಮ್ಮನಿಗೆ ಹುಷಾರಿಲ್ಲ ಎನ್ನುವಷ್ಟರಲ್ಲಿ ಅಂಗಿ ಬೆವರಿಗೆ ಒದ್ದೆಯಾಯಿತು. ಪಾಪ, ಕೊನೆಯವರೆಗೆ ಕೇಳಿಸಿಕೊಂಡಳು, ಆಮೇಲೆ ಕಾರ್ಖಾನೆಯಿಂದಲೇ ಬಂದಿಲ್ಲ ಸರ್ ಅಂದಳು.

ಅಮ್ಮನ ಕೋಣೆಗೆ ಎರಡು ಕರೆಂಟ್ ಹೀಟರ್ ತಂದಿಡು. ಒಂದು ಸಾಲದು. ನೆಲದ ಮೇಲೆ ದಪ್ಪ ಜಮಖಾನ ಹಾಸು. ಕಾಲು ನೆಲಕ್ಕೆ ತಾಗದ ಹಾಗೆ ನೋಡಿಕೋ.

ತಮ್ಮ


ನವೆಂಬರ್ ೯

ತಮ್ಮಾ,

ಹೊಸ ಮನೆಗೆ ಬಂದೆವು. ನೆಲ ಐಸಿನ ಹಾಗಿದೆ. ಹೀಟರ್ ಎರಡೂ ಉರಿಯುತ್ತವೆ, ಅವುಗಳ ಎದುರಿಗೆ ಮುಖ ಸುಡುತ್ತದೆ, ಬೆನ್ನಿಗೆ ಚಳಿ ಕೊರೆಯುತ್ತದೆ. ಅಮ್ಮ ಬಿಸಿನೀರಿನ ಚೀಲದ ಮೇಲೆ ಕಾಲಿಟ್ಟುಕೊಂಡು ಕೂರುತ್ತಾಳೆ. ಕಾಲ್ಚೀಲ ಬದಲಿಸಲು ಹೋದರೆ ಬೆರಳು ಬಿಳಿಚಿರುತ್ತವೆ, ತಿಕ್ಕಿ ತಿಕ್ಕಿ ನನ್ನ ಕೈಯೇ ತಣ್ಣಗಾಗುತ್ತದೆ. ಒಂದು ದಿನವೂ ಚಳಿ ಎಂದಿಲ್ಲ. ನನಗೆ ರೇಗಿಹೋಗಿ, "ಆವತ್ತೇ ಡಬ್ಬ ಹಾಕಿಸಿದ್ರೆ ಈ ಕಷ್ಟ ಇರ್ತಿತ್ತಾ?" ಅಂದೆ. "ಕಷ್ಟ ಯಾರಿಗೆ? ನಿನಗಾ, ನನಗಾ?" ಅಂದಳು.

ನಿನ್ನೆ ಜಮಖಾನ ಸರಿಸಿ ನೆಲ ಸವರುತ್ತಿದ್ದಳು. ಏನಮ್ಮಾ ಅಂದರೆ, "ಅವನು ಸುತ್ತಿದ್ದು ಇಲ್ಲಿಂದ ಶುರು ಅಲ್ವಾ?" ಅಂದಳು.

ರಜೆ ಸಿಗುವುದಾದರೆ ಯಂತ್ರಕ್ಕಾಗಿ ಕಾಯಬೇಡ. ಈಗಲೇ ಬಾ.

ಅಕ್ಕ


ಡಿಸೆಂಬರ್ ೧೨

ತಮ್ಮಾ,

ತಲುಪಿದೆಯೋ ಇಲ್ಲವೋ ಎಂದು ಒಂದು ಸಾಲು ಹಾಕಬಾರದೆ? ಬಸ್ ಹತ್ತುವಾಗಲೂ ನೀನು ಹಿಂದೆ ತಿರುಗಲಿಲ್ಲ.

ಅಮ್ಮ ತೀರಿಹೋಗಿ ವಾರ ತುಂಬುವ ಮುಂಚೆ ಯಂತ್ರ ಬಂದು ಗೇಟಿನಲ್ಲಿ ನಿಂತಾಗ ಅದನ್ನು ವಾಪಸ್ ಕಳಿಸಿಬಿಡೋಣ ಎಂದಿದ್ದೆ. ನೀನು ಅದನ್ನು ಒಳಗೆ ಎಳೆದುಕೊಂಡು ಜೋಡಿಸಲು ಕೂತೆ. ಬಂದ ನೆಂಟರೆಲ್ಲ ಕೋಟು ಹಾಕಿಕೊಂಡೇ ನಿನ್ನ ಸುತ್ತ ನಿಂತು ನೋಡುತ್ತಿದ್ದರು. ದೊಡ್ಡಪ್ಪ ಕೂಡ ನಿನಗೆ ಟಾರ್ಚ್ ಹಿಡಿದರು. ಹೊಸ ಕಾಂಕ್ರೀಟ್ ಬಿರಿಯಬಾರದು, ಬಿಸಿಯನ್ನು ದಿನಕ್ಕಿಷ್ಟೇ ಏರಿಸು ಎಂದು ಬರೆದಿಟ್ಟು ಹೋದೆಯಲ್ಲ, ಹಾಗೇ ಮಾಡಿದೆ.

ಈಗ ಮನೆ ಬೆಚ್ಚಗಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರಿಗಾಲಲ್ಲಿ ಓಡಾಡುತ್ತೇವೆ. ನೀನು ಹೇಳಿದ ಹಾಗೆ ಸದ್ದೂ ಇಲ್ಲ. ನಿನ್ನ ಭಾವ ಕೆಲಸದಿಂದ ಬಂದು ಬೂಟು ಬಿಚ್ಚಿ, ಆಹಾ ಅನ್ನಲು ಹೋಗಿ, ಬೂಟನ್ನು ಎತ್ತಿ ಮೂಲೆಗಿಡುತ್ತಾರೆ.

ಎಲ್ಲಕ್ಕಿಂತ ಬೆಚ್ಚಗಿರುವುದು ಅಮ್ಮನ ಕೋಣೆ. ಬಾಗಿಲು ತೆರೆದರೆ ಮುಖಕ್ಕೆ ಬರುತ್ತದೆ. ಖಾಲಿ ಮಂಚದ ಕೆಳಗೆ ನೆಲ ಅಷ್ಟು ಬಿಸಿಯಾಗಿ ಮಲಗಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಆ ಕೋಣೆಯದೊಂದನ್ನೇ ನಿಲ್ಲಿಸುವುದು ಹೇಗೆ, ಬರಿ.

ಅಕ್ಕ


ಡಿಸೆಂಬರ್ ೨೩

ಅಕ್ಕಾ,

ಯಂತ್ರದ ಪಕ್ಕ ಗೋಡೆಯಲ್ಲಿ ತಗಡಿನ ಪೆಟ್ಟಿಗೆ ಇದೆ. ತೆರೆದರೆ ಒಂದು ಸಾಲು ವಾಲ್ವು. ಎಡಗಡೆಯ ತುದಿಯದು ಅಮ್ಮನದು. ಬಲಕ್ಕೆ ತಿರುಗಿಸು, ತಾನಾಗಿ ನಿಲ್ಲುವವರೆಗೆ. ಒತ್ತಬೇಡ. ನೆಲ ಆ ಕೂಡಲೇ ತಣ್ಣಗಾಗುವುದಿಲ್ಲ, ಕಾಂಕ್ರೀಟ್ ಕುಡಿದ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ. ವಾಲ್ವು ಕೆಟ್ಟಿದೆ ಅಂದುಕೊಳ್ಳಬೇಡ.

ಕೆಲಸದ ಮಾತು ಮುಗಿಯಿತು.

ಅಕ್ಕಾ, ಅಮ್ಮ ಚಳಿಯಲ್ಲಿ ಹೋದಳು. ನನ್ನ ಕಸುಬೇ ಜನರ ಮನೆ ಬೆಚ್ಚಗೆ ಮಾಡುವುದು. ಕಂಡವರ ಮನೆಗೆಲ್ಲ ಮಾಡಿದ್ದೇನೆ. ಡಬ್ಬ ಹಾಕಿಸಿದ್ದರೆ ಅವಳ ಕಾಲು ಬೆಚ್ಚಗಿರುತ್ತಿತ್ತು. ಇಲ್ಲ, ಅದೂ ಬೇಡ, ಕೊರೆಯುವ ಕೆಲಸವಿಲ್ಲದೆಯೇ ನಾನು ಬಂದು ಅವಳ ಮುಂದೆ ಕೂತಿದ್ದರೆ ಅವಳು ಡಬ್ಬಕ್ಕೇ ಒಪ್ಪಿಬಿಡುತ್ತಿದ್ದಳು. ಬಸ್ಸಿನಲ್ಲಿ ಒಂದು ರಾತ್ರಿಯ ದಾರಿ. ಅದಕ್ಕೆ ಅವಳು ನೂರು ಮೀಟರ್ ನೆಲ ಕೊರೆಸಬೇಕಾಯಿತು. ನಾನು ಇದನ್ನು ಹೇಗೆ ನುಂಗಲಿ, ಹೇಳು.

ತಮ್ಮ


ಜನವರಿ ೮

ತಮ್ಮಾ,

ಕೊನೆಗೆ ಅಮ್ಮನಿಗೆಂದು ಆಸ್ಪತ್ರೆಯಿಂದ ತಂದಿದ್ದ ಗಾಲಿಕುರ್ಚಿ ಹಿಂದಿರುಗಿಸಲು ಹೋಗಿದ್ದೆ. ಡಾಕ್ಟರು ಸಿಕ್ಕಿ ಮನೆಯ ಕೆಲಸ ಮುಗಿಯಿತೇ ಎಂದು ಕೇಳಿದರು. ನಮ್ಮ ಮನೆಯ ವಿಷಯ ಇವರಿಗೇನು ಗೊತ್ತು ಎಂದು ನಾನು ಮುಖ ನೋಡಿದೆ. ಆಗ ಹೇಳಿದರು. ಫೆಬ್ರವರಿಯಲ್ಲಿ ಅಮ್ಮ ನನ್ನನ್ನು ಔಷಧಿ ತರಲು ಹೊರಗೆ ಕಳಿಸಿ, ಅವರ ಬಾಯಿಂದ ನಿಜ ಹೇಳಿಸಿಕೊಂಡಿದ್ದಳಂತೆ. ಬರುವ ಚಳಿಗಾಲ ದಾಟುವುದು ಕಷ್ಟ, ಎಷ್ಟೇ ಬೆಚ್ಚಗಿಟ್ಟರೂ ಅಷ್ಟೇ ಎಂದು ಇವರು ಹೇಳಿದ್ದರಂತೆ. "ಹಾಗಾದ್ರೆ ಬಿಸಿ ಯಾವುದಾದ್ರೂ ಪರವಾಗಿಲ್ಲ," ಅಂದಳಂತೆ. ನಾನು ನಿನಗೆ ಮೊದಲ ಕಾಗದ ಬರೆಯುವ ಮುಂಚಿನ ಮಾತು ಇದು.

ನಾವಿಬ್ಬರೂ ಅವಳಿಗೆ ಗೊತ್ತಾಗಬಾರದೆಂದು ಪುಟ ಬಚ್ಚಿಟ್ಟುಕೊಂಡು ಬರೆದೆವು. ಅವಳು ಎಲ್ಲ ಗೊತ್ತಿದ್ದೇ ಆರಿಸಿದ್ದಳು. ಅವಳಿಗೆ ಚಳಿಯಾಗಲಿಲ್ಲ ಎಂದು ನಾನು ಬರೆಯುವುದಿಲ್ಲ. ಬಹಳ ಆಯಿತು, ನನ್ನ ಕಣ್ಣೆದುರಿಗೇ ಆಯಿತು. ಆದರೆ ಸೆಪ್ಟೆಂಬರಿನ ಆ ಮೂರು ವಾರ ನಾನು ನೋಡಿದ ಮುಖವನ್ನು ಅಪ್ಪ ಇದ್ದಾಗಲೂ ನೋಡಿರಲಿಲ್ಲ. ಇದನ್ನು ನುಂಗಲು ಆಗುವುದಿಲ್ಲ, ತಮ್ಮಾ. ಇಬ್ಬರೂ ಒಟ್ಟಿಗೆ ಅಗಿಯುತ್ತಾ ಇರೋಣ.

ನೀನು ಹೇಳಿದಂತೆ ವಾಲ್ವು ತಿರುಗಿಸಿದೆ, ಒತ್ತಲಿಲ್ಲ. ದಿನಾ ಬೆಳಿಗ್ಗೆ ಒಳಗೆ ಹೋಗಿ ಬರಿಗಾಲಿಟ್ಟು ನೋಡುತ್ತಿದ್ದೆ. ಮೊದಲು ಬೆಚ್ಚಗೇ ಇತ್ತು, ಆಮೇಲೆ ಉಗುರುಬೆಚ್ಚಗೆ. ಭಾನುವಾರ ತಣ್ಣಗಾಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಎದ್ದು ಹೋಗಿ ವಾಲ್ವನ್ನು ಮತ್ತೆ ತೆರೆದೆ. ನಿನ್ನ ಭಾವ ಅದನ್ನು ಕಂಡು, ಆ ಮಂಚಕ್ಕೆ ಹೊಸ ಹೊದಿಕೆ ತಂದು ಹಾಕಿದರು.

ಯಂತ್ರ ಚೆನ್ನಾಗಿ ಓಡುತ್ತಿದೆ. ಅದರಲ್ಲಿ ಯಾವ ದೋಷವೂ ಇಲ್ಲ. ನೀನೊಮ್ಮೆ ಬಂದು ನೋಡಿಹೋಗು.

ನಿನ್ನ
ಅಕ್ಕ